ಹುಲಿಕಲ್ ಏರಿನಲ್ಲಿ ಬಿದ್ದ ಮುಳ್ಳು

ಹೊಸನಗರದ ಹತ್ತಿರದ ನಗರ ಎಂಬ ಊರಿನ ಬಸ್ ನಿಲ್ದಾಣದ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡಿದ್ದ ಮೇಸ್ತ್ರಿ ಮಂಜಯ್ಯ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರನ್ನು ಟ್ಯೂನ್ ಮಾಡುವುದನ್ನು ನೋಡಲೆಂದೇ ಜನ ನಿಲ್ಲುತ್ತಿದ್ದರು. ಬಾನೆಟ್ ಎತ್ತಿ, ಕಣ್ಣು ಮುಚ್ಚಿ, ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ಇಂಜಿನ್ನಿನ ಸದ್ದು ಕೇಳುತ್ತಿದ್ದ. ಸರಿಯಾಯಿತು ಎಂದು ಅವನು ಹೇಳಿದ ಮೇಲೆ ಇಪ್ಪತ್ತೆರಡು ವರ್ಷದಲ್ಲಿ ಯಾರೂ ಎದುರಾಡಿರಲಿಲ್ಲ.

೧೯೮೬ರ ಡಿಸೆಂಬರಿನಲ್ಲಿ ಶಂಭು ಬಂದ. ಹಡಗಿನಲ್ಲಿ ಇಂಜಿನಿಯರಾಗಿದ್ದ ಕೋಣಂದೂರಿನವನು. ರಜೆಗೆ ಬಂದಾಗಲೆಲ್ಲ ಶೆಡ್ಡಿನಲ್ಲಿ ಕೂತು ಹರಟುವುದು ರೂಢಿ. ಈ ಸಲ ಚೀಲದಿಂದ ಸ್ಪಾರ್ಕ್ ಪ್ಲಗ್ಗಿನಂಥ ಒಂದು ವಸ್ತುವನ್ನೂ ಮುಳ್ಳಿನ ಮೀಟರೊಂದನ್ನೂ ತೆಗೆದ.

"ಇದು ಆಕ್ಸಿಜನ್ ಸೆನ್ಸರ್, ಮಂಜಣ್ಣ. ಹೊಗೆ ಪೈಪಿಗೆ ಹಾಕೋದು. ಮುಳ್ಳು ಮೇಲೆ ಹೋದ್ರೆ ಪೆಟ್ರೋಲ್ ಜಾಸ್ತಿ, ಕೆಳಗೆ ಬಿದ್ರೆ ಗಾಳಿ ಜಾಸ್ತಿ. ನಮ್ಮ ಪೆಟ್ರೋಲಿಗೆ ಸೀಸ ಬೆರ್ಸಿರ್ತಾರೆ, ಅದ್ಕೇ ಇದು ಹೆಚ್ಚು ದಿನ ಬಾಳದಿಲ್ಲ."

"ನನ್ನ ಕಿವಿಗೆ ಪರೀಕ್ಷೆನಾ ಮಾರಾಯ?" ಎಂದು ಮಂಜಯ್ಯ ನಕ್ಕ.

ಶೆಡ್ಡಿನಲ್ಲಿದ್ದದ್ದು ಶೇಷಪ್ಪ ಗೌಡರ ಪೆಟ್ರೋಲ್ ಜೀಪು. ಹೊಗೆ ಪೈಪಿಗೆ ತೂತು ಕೊರೆದು, ನಟ್ಟು ಬೆಸೆದು, ಸೆನ್ಸರ್ ಬಿಗಿದರು. ಇಂಜಿನ್ ಕಾದ ಮೇಲೆ ಮುಳ್ಳು ನಡುವಿನಲ್ಲೇ ತೂಗಾಡಿತು. ಬರಿಗಿವಿಯಿಂದ ಇಷ್ಟು ಕರಾರುವಾಕ್ಕಾಗಿ ಕೂರಿಸಬಹುದೆಂದು ಶಂಭು ಎಣಿಸಿರಲಿಲ್ಲ.

"ನಿಂತ ಗಾಡೀಲಿ ಸರಿ ಇದೆ. ಹೊರೆ ಹೊತ್ತಾಗ ನೋಡನ" ಎಂದ.

ಆರು ಮೂಟೆ ಭತ್ತ ಹೇರಿಕೊಂಡು ಹುಲಿಕಲ್ ಘಾಟಿ ಇಳಿದು, ತಪ್ಪಲಿನ ಹೊಸಂಗಡಿಯಲ್ಲಿ ಜೀಪು ತಿರುಗಿಸಿ ಮತ್ತೆ ಹತ್ತತೊಡಗಿದರು. ಮಂಜಯ್ಯ ಓಡಿಸುತ್ತಿದ್ದ, ಶಂಭು ಮೀಟರ್ ಹಿಡಿದಿದ್ದ. ಎರಡನೇ ತಿರುವಿನಲ್ಲಿ ಎಕ್ಸಿಲರೇಟರ್ ಪೂರ್ತಿ ಒತ್ತುತ್ತಲೇ ಮುಳ್ಳು ದಬಕ್ಕನೆ ತಳಕ್ಕೆ ಬಿತ್ತು. ಏಳಲಿಲ್ಲ.

"ನಿಲ್ಸಿ, ಮಂಜಣ್ಣ! ಪೆಟ್ರೋಲ್ ಸಾಲ್ತಾ ಇಲ್ಲ. ಹಿಂಗೇ ಎಳೆಸಿದ್ರೆ ಪಿಸ್ಟನ್ ಸುಟ್ಟು ಹೋಗ್ತದೆ."

ಮಂಜಯ್ಯನಿಗೆ ನಂಬಿಕೆಯಾಗಲಿಲ್ಲ. ಅಲ್ಲೇ ನಿಲ್ಲಿಸಿ ಪ್ಲಗ್ ಬಿಚ್ಚಿದ. ಶೆಡ್ಡಿನಲ್ಲಿ ಯಾವಾಗಲೂ ಕಂದು ಬಣ್ಣಕ್ಕಿರುತ್ತಿದ್ದ ಅದರ ತುದಿ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು; ಪೆಟ್ರೋಲ್ ಸಾಲದೆ ಅತಿಯಾಗಿ ಕಾದದ್ದರ ಗುರುತು. ರಸ್ತೆಬದಿಯ ಕಟ್ಟೆಯ ಮೇಲೆ ಪ್ಲಗ್ ಹಿಡಿದೇ ಕೂತ.

"ಹೂವಪ್ಪ ತಪ್ಪು ಮಾಡಿರ್ಲಿಲ್ಲ, ಶಂಭು."

ಹೂವಪ್ಪನೆಂದರೆ ಶೇಷಪ್ಪ ಗೌಡರ ಡ್ರೈವರಾಗಿದ್ದವನು. ನಾಲ್ಕು ವರ್ಷದ ಹಿಂದೆ, ಮೈಲೇಜ್ ಬರಲೆಂದು ಮಂಜಯ್ಯ ಈ ಜೀಪಿಗೆ ಚಿಕ್ಕ ಮೇನ್ ಜೆಟ್ ಹಾಕಿದ್ದ. ಎಕ್ಸಿಲರೇಟರ್ ಒತ್ತಿದಾಗ ಪೆಟ್ರೋಲ್ ಹಾಯಿಸುವ, ಸಣ್ಣ ತೂತಿನ ಹಿತ್ತಾಳೆ ತುಂಡು ಅದು. ಆ ವರ್ಷ ಇದೇ ಘಾಟಿಯಲ್ಲಿ ಎರಡು ಸಲ ಪಿಸ್ಟನ್ ಸುಟ್ಟಿತು. ಗೌಡರು ಕಾರಣ ಕೇಳಿದಾಗ, "ರೇಡಿಯೇಟರ್ ನೀರು ನೋಡದೆ ಓಡ್ಸಿದಾನೆ. ಕಾರ್ಬೊರೇಟರ್ ಕೂರ್ಸಿದ್ದು ನಾನು" ಎಂದಿದ್ದ ಮಂಜಯ್ಯ. ನೀರು ನೋಡಿದ್ದೆನೆಂದು ಹೂವಪ್ಪ ಆಣೆ ಮಾಡಿದರೂ ಕೆಲಸ ಹೋಯಿತು. ನಗರದಲ್ಲಿ ಯಾರೂ ಅವನ ಕೈಗೆ ಸ್ಟೇರಿಂಗ್ ಕೊಡಲಿಲ್ಲ. ಹೆಂಡತಿಯ ಊರು ಬ್ಯಾಕೋಡಿಗೆ ಹೋಗಿಬಿಟ್ಟ. ಆಮೇಲೆ ಗೌಡರು ಜೀಪನ್ನು ಘಾಟಿಗೆ ಬಿಟ್ಟಿರಲಿಲ್ಲ.

ಮರುದಿನವೇ ಮಂಜಯ್ಯ ಜೀಪಿನಿಂದ ಬಿಚ್ಚಿದ ಜೆಟ್ಟನ್ನು ಜೇಬಿಗೆ ಹಾಕಿಕೊಂಡು ಬ್ಯಾಕೋಡಿಗೆ ಹೋದ. ಹೂವಪ್ಪ ಕಣದಲ್ಲಿ ಭತ್ತ ತೂರುತ್ತಿದ್ದ. ಮಂಜಯ್ಯ ಜೆಟ್ಟನ್ನು ಅವನ ಅಂಗೈಯಲ್ಲಿಟ್ಟ.

"ಪಿಸ್ಟನ್ ಸುಟ್ಟದ್ದು ಇದು ಹೂವಪ್ಪ, ನೀನಲ್ಲ. ಹಾಕ್ದವ ನಾನು."

ಹೂವಪ್ಪ ಅದರ ತೂತನ್ನು ಬೆಳಕಿಗೆ ಹಿಡಿದು ನೋಡಿದ. ಮಜ್ಜಿಗೆ ತಂದಿದ್ದ ಅವನ ಹೆಂಡತಿ ಜಲಜಮ್ಮ ಚೊಂಬನ್ನು ಕೆಳಗಿಟ್ಟಳು.

"ಇವ್ರು ನಾಲ್ಕು ವರ್ಷದಿಂದ ಒಂದು ಗಾಡಿ ಹತ್ರ ಹೋಗಿಲ್ಲ, ಮೇಸ್ತ್ರಿ. ಅವತ್ತು ನೀರು ನೋಡಿದ್ನೋ ಇಲ್ವೋ ಅಂತ ಇವ್ರಿಗೇ ಅನುಮಾನ ಹತ್ತಿತ್ತು."

ಹೂವಪ್ಪನ ಕೆಲಸ ಹೋದದ್ದು ಮಂಜಯ್ಯನಿಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

"ಹಂಗಾರೆ ನಾನು ನೀರು ನೋಡಿದ್ದೆ" ಎಂದ ಹೂವಪ್ಪ, ತನಗೆ ತಾನೇ ಎಂಬಂತೆ. ಜೆಟ್ಟನ್ನು ಮುಷ್ಟಿಯಲ್ಲಿ ಹಿಡಿದು ತಲೆಯೆತ್ತಿದ. "ಗೌಡ್ರ ಮುಂದೆ ಹೇಳ್ತೀರಾ?"

"ಗೌಡ್ರ ಮುಂದೆ, ಬಸ್ ಸ್ಟ್ಯಾಂಡಲ್ಲಿ, ಎಲ್ಲಿ ಬೇಕಾದ್ರೂ."

ಹೇಳಿದ. ಗೌಡರು ನಾಲ್ಕು ಜನರೆದುರು ಅವನಿಗೆ ಉಗಿದು, ಜೀಪನ್ನು ಹೊಸನಗರದ ಗ್ಯಾರೇಜಿಗೆ ಬಿಟ್ಟರು. ಜೀಪಿನಿಂದ ಬಿಚ್ಚಿ ಬೇರೆ ಗಾಡಿಗಳಿಗೆ ಹಾಕಿದ ಸೆನ್ಸರ್ ಶಂಭು ಹೇಳಿದಂತೆ ಕೆಲವೇ ವಾರಗಳಲ್ಲಿ ಸತ್ತಿತು. ಅಷ್ಟರಲ್ಲಿ ಮಂಜಯ್ಯ ಹೊರೆ ಹೇರಿ ಏರು ಹತ್ತಿಸಿ ಪ್ಲಗ್ ನೋಡದೆ ಯಾವ ಗಾಡಿಯನ್ನೂ ಹಿಂದಿರುಗಿಸದ ಅಭ್ಯಾಸ ಮಾಡಿಕೊಂಡಿದ್ದ.

ಗೌಡರು ಮತ್ತೆ ಕರೆದರೂ ಹೂವಪ್ಪ ಬರಲಿಲ್ಲ. ಸಾಗರದಲ್ಲಿ ಟೆಂಪೊ ಓಡಿಸಲು ಸೇರಿದ. ನಗರಕ್ಕೆ ಬಂದಾಗ ಶೆಡ್ಡಿನೆದುರು ನಿಂತು ಮಾತಾಡಿಸಿ ಹೋಗುತ್ತಿದ್ದ. ಟೆಂಪೊವನ್ನು ಮಾತ್ರ ಎಂದೂ ಅಲ್ಲಿ ರಿಪೇರಿಗೆ ಬಿಡಲಿಲ್ಲ. ಯಾಕೆಂದು ಮಂಜಯ್ಯ ಕೇಳಲೂ ಇಲ್ಲ.