ಬ್ಲಾಹ ಅವರ ನಿಂಬೆ ಗಿಡಗಳು

ನಮ್ಮ ಬೀದಿಯ ಕೊನೆಯಲ್ಲಿರುವ ಬೇಸಿಗೆ ಅರಮನೆಯನ್ನು ಕಟ್ಟಿಸಿದ ಕೌಂಟ್ ವರ್ಷಕ್ಕೆ ನಾಲ್ಕೇ ತಿಂಗಳು ಅಲ್ಲಿರುತ್ತಿದ್ದನಂತೆ. ಆಗ ಅದು ವಿಯೆನ್ನಾದ ಕೋಟೆಯ ಹೊರಗಿತ್ತು. ಊರು ಬೆಳೆದು ಅದನ್ನು ನುಂಗಿತು, ಅವನ ಮರಿಮಕ್ಕಳು ತೋಟ ಮಾರಿ ತಿಂದರು, ಯುದ್ಧದ ಬಾಂಬು ಗಿಡಗಳ ಗಾಜಿನ ಮನೆಯನ್ನು ಪುಡಿ ಮಾಡಿತು. ಉಳಿದದ್ದು ಮೂವತ್ತೊಂದು ನಿಂಬೆ ಗಿಡ, ಮತ್ತು ಹದಿನಾಲ್ಕನೇ ವಯಸ್ಸಿನಿಂದ ಅವನ್ನು ಸಾಕಿದ ಮಾಲಿ ಅಲೋಯಿಸ್ ಬ್ಲಾಹ.

ಯುದ್ಧ ಮುಗಿದ ಮೊದಲ ಚಳಿಗಾಲ. ಗಾಜಿಲ್ಲದ ಮನೆಯಲ್ಲಿ ಗಿಡಗಳು ಒಂದು ವಾರವೂ ಉಳಿಯುತ್ತಿರಲಿಲ್ಲ. ಬ್ಲಾಹ ಒಂದೊಂದನ್ನೇ ಕೈಗಾಡಿಗೆ ಹೇರಿಕೊಂಡು ಮನೆಮನೆಯ ಬಾಗಿಲು ತಟ್ಟಿದರು.

“ಅಡುಗೆಮನೇಲಿ ಒಂದು ಮೂಲೆ ಕೊಡಿ, ಫ್ರಾವ್ ಸೆಡ್ಲಾಕ್,” ಎಂದರು ನನಗೆ. “ಸೋಫಿ ದಿನ ಕಳೀಲಿ, ಆಮೇಲೆ ತನ್ನಿ. ಅದಕ್ಕೆ ಮುಂಚೆ ಹೊರಗೆ ತೆಗೀಬೇಡಿ.”

“ನಾವೇ ಕುರ್ಚಿ ಮುರಿದು ಒಲೆಗೆ ಹಾಕ್ತಾ ಇದೀವಿ. ಇದನ್ನೂ ಸುಟ್ಟುಬಿಟ್ರೆ?”

“ನೀವು ಸುಡಲ್ಲ,” ಎಂದರು. ಹೋಗುವಾಗ ಮಾತ್ರ ಗಿಡವನ್ನು ತಿರುತಿರುಗಿ ನೋಡಿದರು.

ಸಂತ ಸೋಫಿಯ ದಿನ ಮೇ ಹದಿನೈದು. ಅದು ದಾಟುವವರೆಗೂ ಚಳಿ ಹೋಯಿತೆಂದು ನಮ್ಮಲ್ಲಿ ಯಾರೂ ನಂಬುವುದಿಲ್ಲ. ಆ ದಿನ ಬೆಳಿಗ್ಗೆಯೇ ಬ್ಲಾಹ ಭಾನುವಾರದ ಕೋಟು ತೊಟ್ಟು ಅರಮನೆಯ ಗೇಟಿನಲ್ಲಿ ನಿಂತರು. ಸಂಜೆಯಾದರೂ ಒಬ್ಬರೂ ಬರಲಿಲ್ಲ.

“ಎಲ್ಲಾ ಒಲೆಗೆ ಹಾಕಿದಾರೆ, ಕಟುಕರು!” ಎಂದು ಬೀದಿಗೇ ಕೇಳುವಂತೆ ಬೈದರು. ನನಗೆ ಮೈ ಉರಿಯಿತು. ಸೋಫಿ ಕಳೆಯಲಿ ಎಂದವರು ಅವರೇ ಅಲ್ಲವೇ? ಹೋಗಿ ಕೇಳೋಣವೆಂದರೆ ನನ್ನದೂ ಒಂದು ತಪ್ಪಿತ್ತು.

ಮರುದಿನ ಇಡೀ ಬೀದಿ ಹೊರಟಿತು, ಕೈಗಾಡಿಯಲ್ಲಿ, ಮಕ್ಕಳ ತಳ್ಳುಗಾಡಿಯಲ್ಲಿ, ಕಿತ್ತ ಬಾಗಿಲಿನ ಮೇಲೆ ಗಿಡ ಹೊತ್ತುಕೊಂಡು. ಮೂವತ್ತು ಬಂದವು. ಕೊನೆಗೆ ನಾನೂ ನನ್ನ ಗಂಡನೂ ನಮ್ಮ ತಗಡಿನ ಸ್ನಾನದ ತೊಟ್ಟಿಯನ್ನೇ ಎತ್ತಿಕೊಂಡು ಹೋದೆವು. ಅದರೊಳಗೆ ಗಿಡ, ಮೈತುಂಬ ಹೂ.

“ಜನವರೀಲಿ ಮರದ ಕುಂಡ ಸುಟ್ಟುಬಿಟ್ಟೆ, ಕ್ಷಮಿಸಿ. ಗಿಡ ಸುಡೋಕೆ ಮನಸ್ಸಾಗ್ಲಿಲ್ಲ,” ಎಂದೆ.

“ಮತ್ತೆ ನಿಮ್ಮ ಸ್ನಾನ?”

“ಕೊನೇ ಸ್ನಾನ ಜನವರೀಲೇ ಆಗಿತ್ತು!”

ಎಲ್ಲರೂ ನಕ್ಕರು. ಬ್ಲಾಹ ಟೋಪಿ ತೆಗೆದರು. “ನನ್ನ ಮಾತು ನಾನೇ ಮರೆತೆ. ನೀವು ಮರೀಲಿಲ್ಲ,” ಎಂದು ಮಗುವಿನಂತೆ ಅತ್ತರು.

ಸಂಜೆ ಬ್ಲಾಹ ತಮ್ಮ ಸ್ನಾನದ ತೊಟ್ಟಿಯನ್ನು ಹೊತ್ತು ತಂದು ನಮ್ಮ ಅಡುಗೆಮನೆಯಲ್ಲಿಟ್ಟರು. “ಹೂ ಬಿಟ್ಟ ಗಿಡದ ಬೇರು ಅಲುಗಿಸಬಾರದು. ನೀವು ಇದರಲ್ಲಿ ಸ್ನಾನ ಮಾಡಿ. ಮೊದಲು ಅದು ಮಾಡಿ!”

ಆ ಹಾಳು ಚಳಿಗಾಲದಲ್ಲಿ ನಮ್ಮನ್ನು ಮನುಷ್ಯರೆಂದು ನಂಬಿದವರು ಅವರೊಬ್ಬರೇ. ಆ ಋಣ ತೀರುವಂಥದ್ದಲ್ಲ. ಅವರು ತೀರಿಕೊಂಡ ವರ್ಷ, ಸೋಫಿ ದಿನದ ಮರುದಿನ, ಯಾರೂ ಕರೆಯದೆ ಬೀದಿಯವರೆಲ್ಲ ಹೋಗಿ, ಮತ್ತೆ ಗಾಜು ಹಾಕಿಸಿದ್ದ ಆ ಮನೆಯಿಂದ ಮೂವತ್ತೊಂದು ಗಿಡಗಳನ್ನೂ ಬಿಸಿಲಿಗೆ ತಂದಿಟ್ಟೆವು.