ಬರೀ ‘ಟಕ್’ ಎಂದರೆ ನಂಬದ ಜವರಯ್ಯ

ಬೆಳಗಿನ ಆರೂಕಾಲು. ತರೀಕೆರೆಯಿಂದ ಅಜ್ಜಂಪುರಕ್ಕೆ ಹೋಗುವ ರಸ್ತೆ ಬದಿಯ ತಗಡಿನ ಶೆಡ್ಡಿಗೆ ಮೂವರು ಸೇರಿ ಒಂದು ಹಳೇ ಡೀಸೆಲ್ ಕಾರನ್ನು ತಳ್ಳಿಕೊಂಡು ಬರುತ್ತಾರೆ. ಆಟೋ ಎಲೆಕ್ಟ್ರಿಷಿಯನ್ ಜವರಯ್ಯ ಕಾರನ್ನು ನೋಡುವುದಿಲ್ಲ. ಮೊದಲು ಮಾಲೀಕನ ಮುಖ ನೋಡುತ್ತಾರೆ. ಐವತ್ತೇಳು ವರ್ಷದ ಈ ಮನುಷ್ಯನಿಗೆ ಕಾರಿನಷ್ಟೇ ಅನುಮಾನ ಕಾರು ತಂದವರ ಮೇಲೂ ಉಂಟು.

ಮಾಲೀಕ ಅಮೃತಾಪುರದ ಹೊನ್ನೇಶ್, ತೆಂಗಿನ ತೋಟದವರು. “ಸ್ಟಾರ್ಟರ್ ಸುಟ್ಟೋಗೈತಂತೆ ಕಣಪ್ಪ ಜವರಯ್ಯ. ಕಡೂರಲ್ಲಿ ತೋರ್ಸಿದೀನಿ. ಹೊಸದೇ ಹಾಕ್ಬೇಕಂತೆ. ಬ್ಯಾಟರಿ ಹೊಸದು, ಅದನ್ನ ಮುಟ್ಬೇಡ.”

“ಆಯ್ತು ಸ್ವಾಮಿ” ಎಂದು ಜವರಯ್ಯ ಮೊದಲು ಮುಟ್ಟುವುದೇ ಬ್ಯಾಟರಿಯನ್ನು. ಹೆಡ್‌ಲೈಟ್ ಹಾಕಿಸಿ ಕೀ ತಿರುಗಿಸಲು ಹೇಳುತ್ತಾರೆ. ‘ಟಕ್’ ಎಂಬ ಒಂದೇ ಸದ್ದು, ಎಂಜಿನ್ ಅಲುಗುವುದಿಲ್ಲ. ಆದರೆ ದೀಪ ಮಂಕಾಗುವುದಿಲ್ಲ. ಬ್ಯಾಟರಿಯಲ್ಲಿ ದಮ್ಮಿದೆ ಎಂದಾಯಿತು. ಹೊನ್ನೇಶ್ ಗೆದ್ದವರಂತೆ ನಕ್ಕು ಎದುರಿನ ದ್ಯಾಮಮ್ಮನ ಅಂಗಡಿಗೆ ಟೀ ಕುಡಿಯಲು ಹೊರಡುತ್ತಾರೆ.

ದಿನಕ್ಕೆ ನಾಲ್ಕೈದು ಗಾಡಿ ಬರುತ್ತವೆ. ‘ಸ್ಟಾರ್ಟರ್ ಹೋಗಿದೆ’ ಎಂದು ತಂದ ಹತ್ತರಲ್ಲಿ ಆರಕ್ಕೆ ಸ್ಟಾರ್ಟರ್ ಹೋಗಿರುವುದೇ ಇಲ್ಲ ಎನ್ನುತ್ತಾರೆ ಜವರಯ್ಯ. “ತಲೆನೋವು ಅಂದವನ ತಲೇನೇ ಕಡಿಯೋಕಾಗ್ತದಾ? ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂದವ್ರೆ ಹಿರೇರು. ನಾನು ಮೊದ್ಲು ನನ್ ಕೈಯ್ಯನ್ನೇ ನಂಬಲ್ಲ, ಎರಡ್ ಸಲ ನೋಡ್ತೀನಿ.”

ಹದಿನಾರಕ್ಕೆ ಕಡೂರಿನ ವರ್ಕ್‌ಶಾಪೊಂದರಲ್ಲಿ ಕೆಲಸ ಕಲಿತವರು ಇಲ್ಲಿ ಶೆಡ್ ಹಾಕಿ ಇಪ್ಪತ್ತೊಂಬತ್ತು ವರ್ಷವಾಯಿತು. ಮೊದಮೊದಲು ಕೀ ಕೈಗೆ ಕೊಡದೆ, ಮೈ ತಾಗದಂತೆ ಬಾನೆಟ್ ಮೇಲಿಟ್ಟು ಹೋಗುವವರಿದ್ದರು. ಯಾಕೆಂದು ಇವರು ಕೇಳಲಿಲ್ಲ, ಅವರು ಹೇಳಲಿಲ್ಲ. ಯಾಕೆಂಬುದು ಇಬ್ಬರಿಗೂ ಗೊತ್ತಿತ್ತು. ಈಗ ಬಸ್ ಸ್ಟ್ಯಾಂಡಿನ ಹತ್ತೊಂಬತ್ತು ಬಾಡಿಗೆ ಕಾರುಗಳೂ ಇವರ ಹತ್ತಿರವೇ ಬರುತ್ತವೆ, ಕೀ ಕೈಗೇ ಬರುತ್ತದೆ. ಅದನ್ನು ಹೇಳುವಾಗ ಜವರಯ್ಯನವರ ದನಿ ಸ್ವಲ್ಪ ತಗ್ಗುತ್ತದೆ.

ಇತ್ತ ಕೆಲಸ ನಡೆದಿದೆ. ವೈರುಗಳು ಕಾಣಲೆಂದು ಸ್ಟಾರ್ಟರ್ ಮೇಲಿನ ಕೊಳೆಯನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸುತ್ತಾರೆ. ತಳ್ಳಿಕೊಂಡು ಬಂದವರಲ್ಲೊಬ್ಬನಿಗೆ ಇನ್ನೆರಡು ಸಲ ಕೀ ತಿರುಗಿಸಲು ಹೇಳಿ, ಆಕ್ಸಿಲರೇಟರ್ ಕೇಬಲ್ಲಿಗೆ ಮುಂಗೈ ತಾಗಿಸುತ್ತಾರೆ. ಬೆಚ್ಚಗಿದೆ! ತಣ್ಣಗಿರಬೇಕಾದ ತಂತಿ ಇದು. ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ಥ್ ಪಟ್ಟಿ ತುಕ್ಕು ಹಿಡಿದು ಕರೆಂಟಿಗೆ ವಾಪಸ್ ಹೋಗಲು ದಾರಿಯಿಲ್ಲದೆ, ಅದು ಈ ಬಡಪಾಯಿ ಕೇಬಲ್ಲಿನಲ್ಲಿ ನುಸುಳುತ್ತಿದೆ. ಪಟ್ಟಿ ಬಿಚ್ಚಿ, ಎರಡೂ ತುದಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿದು ಕೀ ತಿರುಗಿಸಿದರೆ ಎಂಜಿನ್ ಒಂದೇ ಏಟಿಗೆ ಗುಡುಗುತ್ತದೆ. ಇಪ್ಪತ್ತು ನಿಮಿಷದ ಕೆಲಸ.

ಸದ್ದು ಕೇಳಿ ಓಡಿಬಂದ ಹೊನ್ನೇಶ್ ಖುಷಿಪಡಬೇಕಿತ್ತು. ಪಡುವುದಿಲ್ಲ.

“ಹಳೇ ಪಾರ್ಟ್ ಎಲ್ಲಿ?”

ಈ ಸೀಮೆಯ ಪದ್ಧತಿ ಇದು. ಏನೇ ಬದಲಾಯಿಸಿದರೂ ಹಳೆಯದನ್ನು ಮಾಲೀಕನ ಕೈಗೆ ಇಡಬೇಕು. ಕೈಗೆ ಏನೂ ಬರಲಿಲ್ಲವೆಂದರೆ ಮೋಸ ನಡೆದಿದೆ ಎಂದೇ ಲೆಕ್ಕ.

“ಏನೂ ಬದಲಾಯಿಸಿಲ್ಲ ಸ್ವಾಮಿ. ಅರ್ಥ್ ಪಟ್ಟಿ ಕ್ಲೀನ್ ಮಾಡ್ದೆ.”

“ಏನೂ ಹಾಕ್ದೆ ಸರಿಹೋಯ್ತಾ? ಯಾರಿಗ್ ಹೇಳ್ತೀಯ ಕಥೆನಾ?” ಹೊನ್ನೇಶ್ ಬಗ್ಗಿ ಎಂಜಿನ್ ಒಳಗೆ ಇಣುಕುತ್ತಾರೆ. ಮುಖ ಕೆಂಪಾಗುತ್ತದೆ. “ಆಯುಧ ಪೂಜೇಲಿ ನಾನೇ ಸ್ಟಾರ್ಟರ್‌ಗೆ ಕುಂಕುಮ ಇಟ್ಟಿದ್ದೆ. ಎಲ್ಲೈತೆ ಅದು? ಇದು ನನ್ ಸ್ಟಾರ್ಟರ್ ಅಲ್ಲ! ನನ್ ಒರಿಜಿನಲ್ ಬಿಚ್ಕೊಂಡು ಯಾವ್ದೋ ಗುಜರೀದು ತುರುಕಿದೀಯ!”

ಟೀ ಅಂಗಡಿಯಲ್ಲಿದ್ದ ಸ್ಟ್ಯಾಂಡಿನ ಡ್ರೈವರುಗಳು ಒಬ್ಬೊಬ್ಬರಾಗಿ ರಸ್ತೆ ದಾಟುತ್ತಾರೆ. ಆರು ವರ್ಷದಿಂದ ಇಲ್ಲಿಗೇ ಬರುವ ಭೈರೇಶ್ ಕೂಡ ತನ್ನ ಕಾರು ನಿಂತ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾನೆ. ಆ ನೋಟ ಜವರಯ್ಯನವರಿಗೆ ಚುಚ್ಚುತ್ತದೆ. ಕೊಳೆಯ ಜೊತೆ ಕುಂಕುಮವನ್ನೂ ಒರೆಸಿದ್ದು ತಮ್ಮದೇ ಕೈ. ಬಾಯಿ ಬಿಟ್ಟರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ, ಸುಮ್ಮನಿದ್ದರೆ ಒಪ್ಪಿಕೊಂಡಂತೆ. ಬೇರೆಯವರ ಮೇಲೆ ಕಳ್ಳ ಎಂಬ ಮಾತು ಬಿದ್ದರೆ ನಾಲ್ಕು ದಿನಕ್ಕೆ ತೊಳೆದುಹೋಗುತ್ತದೆ, ತಮ್ಮ ಮೇಲೆ ಬಿದ್ದರೆ ಹೋಗುವುದಿಲ್ಲ ಎಂಬುದು ಅವರಿಗೆ ಗೊತ್ತು. ನಾಳೆಯಿಂದ ಸ್ಟ್ಯಾಂಡಿನ ಒಂದು ಕಾರೂ ಬರಲಿಕ್ಕಿಲ್ಲ. ಕೋಪ ಬರುತ್ತದೆ.

ಆದರೂ ದನಿ ಏರಿಸುವುದಿಲ್ಲ. ಎಂಜಿನ್ ಆಫ್ ಮಾಡಿ ಟಾರ್ಚನ್ನು ಹೊನ್ನೇಶ್ ಕೈಗೆ ಕೊಡುತ್ತಾರೆ. “ಸ್ಟಾರ್ಟರ್ ಬಿಚ್ಬೇಕಂದ್ರೆ ಕೆಳಗಿನ ಈ ಎರಡು ಬೋಲ್ಟ್ ಬಿಚ್ಲೇಬೇಕು. ಸ್ಪ್ಯಾನರ್ ಬಿದ್ದಿದ್ರೆ ತಲೆ ಹೊಳೀತದೆ. ನಾನ್ ಮುಟ್ಟಲ್ಲ, ನೀವೇ ಮುಟ್ಟಿ.”

ಹೊನ್ನೇಶ್ ಬೆರಳು ಹಾಕುತ್ತಾರೆ. ಬೋಲ್ಟಿನ ಮೇಲೆ ಹಳೇ ಎಣ್ಣೆಯೊಂದಿಗೆ ಕಲ್ಲಿನಂತೆ ಗಟ್ಟಿಯಾದ ಕೆಸರು. ಉಗುರಿನಲ್ಲಿ ಕೆರೆದರೂ ಏಳುವುದಿಲ್ಲ. ಎರಡನೆಯದೂ ಹಾಗೆಯೇ. ಭೈರೇಶನೂ ಬಗ್ಗಿ ಮುಟ್ಟಿ ನೋಡುತ್ತಾನೆ.

ಜವರಯ್ಯ ಅಷ್ಟಕ್ಕೇ ಬಿಡುವುದಿಲ್ಲ. ಅರ್ಥ್ ಪಟ್ಟಿಯನ್ನು ಬಿಚ್ಚುತ್ತಾರೆ. “ಈಗ ಕೀ ತಿರುಗ್ಸಿ.” ಟಕ್. ಮತ್ತೆ ಟಕ್. “ಈ ಕೇಬಲ್ ಮುಟ್ಟಿ.” ಹೊನ್ನೇಶ್ ಮುಟ್ಟಿ ಥಟ್ಟನೆ ಕೈ ಹಿಂದೆಗೆಯುತ್ತಾರೆ. ಪಟ್ಟಿ ಬಿಗಿದ ಮೇಲೆ ಎಂಜಿನ್ ಮತ್ತೆ ಗುಡುಗುತ್ತದೆ.

“ಹಂಗಾದ್ರೆ ಕಡೂರೋನು ನಂಗೆ ಟೋಪಿ ಹಾಕೋಕೆ ನೋಡ್ದ!” ಅನುಮಾನ ಅಷ್ಟು ಬೇಗ ಊರು ಬದಲಾಯಿಸಿಬಿಡುತ್ತದೆ.

“ಅವರ ಬಗ್ಗೆ ನಂಗೊತ್ತಿಲ್ಲ. ಸದ್ದು ಕೇಳಿ ಹೇಳಿರ್ತಾರೆ, ಕೈ ಇಟ್ಟಿರಲ್ಲ” ಎನ್ನುತ್ತಾರೆ ಜವರಯ್ಯ. “ತಪ್ಪು ನಂದೂ ಐತೆ. ಕುಂಕುಮ ಒರೆಸೋ ಮುಂಚೆ ನಿಮ್ಮನ್ನ ಕರೀಬೇಕಿತ್ತು.”

ಹೊನ್ನೇಶ್ ಟಾರ್ಚ್ ವಾಪಸ್ ಕೊಡುತ್ತಾರೆ. “ಬತ್ತೀನಿ ಜವರಣ್ಣ” ಎಂದಷ್ಟೇ ಹೇಳಿ ಕಾರು ಹತ್ತುತ್ತಾರೆ. ಡ್ರೈವರುಗಳು ಚದುರುತ್ತಾರೆ. ಭೈರೇಶ್ ಮಾತ್ರ ಹೋಗದೆ, ಹಾರ್ನ್ ಕೆಲಸ ಮಾಡುತ್ತಿಲ್ಲವೆಂದು ನೆಪ ತೆಗೆದು ತನ್ನ ಕಾರಿನ ಕೀಯನ್ನು ಇವರ ಕೈಗೆ ಕೊಡುತ್ತಾನೆ.

ಜನ ನಿಮ್ಮನ್ನು ನಂಬಬೇಕೆಂಬ ಆಸೆಯಿಲ್ಲವೇ ಎಂದು ಕೇಳಿದರೆ ಜವರಯ್ಯ ಕೈ ಒರೆಸಿಕೊಳ್ಳುತ್ತಾ ತಲೆಯಾಡಿಸುತ್ತಾರೆ. “ನಂಬಿ ಅಂತ ಯಾರ್ನೂ ಕೇಳಲ್ಲ ಕಣ್ರೀ. ಅನುಮಾನ ಪಡ್ಲಿ, ನಾನೂ ದಿನಾ ಪಡ್ತೀನಿ, ಅದ್ರಲ್ಲೇ ಅನ್ನ ತಿಂತಿರೋದು. ಆದ್ರೆ ದೂರ ನಿಂತ್ಕೊಂಡು ಪಡ್ಬೇಡಿ. ಹತ್ರ ಬಂದು ಕೈ ಇಟ್ಟು ನೋಡಿ, ಆಮೇಲೆ ಪಡಿ.”