ತಾರಸಿಯ ಸುಣ್ಣ

ಗುಬ್ಬಿ ಕಚೇರಿಯ ಆ ಸಾಹೇಬರ ಬಗ್ಗೆ ನನ್ನ ಬಾಯಲ್ಲಿ ಇವತ್ತಿಗೂ ಒಂದು ಒಳ್ಳೆಯ ಮಾತು ಬರುವುದಿಲ್ಲ. ಅವರು ತೀರಿಕೊಂಡರೆಂದು ಕೇಳಿದ ದಿನವೂ ಬರಲಿಲ್ಲ.

ಎಂಬತ್ತರ ದಶಕದ ಶುರು. ನಾನು ಉಪ್ಪಾರಹಳ್ಳಿಯ ಮನೆಯಿಂದ ದಿನಾ ಬಸ್ಸು ಹಿಡಿದು ಗುಬ್ಬಿಗೆ ಹೋಗಿ ಬರುತ್ತಿದ್ದ ಟೈಪಿಸ್ಟು. ಕಚೇರಿ ಹಳೆಯ ಹೆಂಚಿನ ಕಟ್ಟಡದಿಂದ ಹೊಸ ಆರ್‌ಸಿಸಿ ಕಟ್ಟಡಕ್ಕೆ ಬಂದಿತ್ತು. ಕೆಳಗೆ ರೆಕಾರ್ಡ್ ರೂಮು. ಮೇಲೆ ಸಾಹೇಬರ ಕೋಣೆ, ಅದಕ್ಕೆ ಅಂಟಿಕೊಂಡು ನಮ್ಮದು. ನಮ್ಮದು ಅಂದರೆ ನನ್ನದು ಮತ್ತು ಕುಣಿಗಲ್ ಕಡೆಯ ಇನ್ನೊಬ್ಬ ಟೈಪಿಸ್ಟ್ ಹುಡುಗಿಯದು. ಅವಳು ತುಂಬಿದ ಬಸುರಿ.

ಆ ಬೇಸಿಗೆಯಲ್ಲಿ ವಿದ್ಯುತ್ತಿನ ಅಭಾವ. ಕಚೇರಿಗಳಲ್ಲಿ ಕರೆಂಟು ಉಳಿಸಬೇಕೆಂದು ಸುತ್ತೋಲೆ ಬಂತು. ಸಾಹೇಬರು ಉಳಿಸಿದ್ದು ಹೇಗೆಂದರೆ, ನಮ್ಮ ಕೋಣೆಯ ಫ್ಯಾನನ್ನು ಬಿಚ್ಚಿಸಿದರು. ಅವರ ಕೋಣೆಯಲ್ಲಿ ಮಾತ್ರ ಕಿಟಕಿಗೆ ಪರದೆ ಎಳೆದು ಹಾಡಹಗಲೇ ಟ್ಯೂಬ್‌ಲೈಟು. ಕಾಫಿಗೆ ಹೋದರೂ ಫ್ಯಾನು ಖಾಲಿ ಕುರ್ಚಿಗೆ ಗಾಳಿ ಹಾಕುತ್ತಿತ್ತು.

"ಸಾರ್, ಅವಳು ಬಸುರಿ. ಫ್ಯಾನ್ ಇಲ್ದೆ ಹೆಂಗೆ ಸಾರ್?" ಎಂದು ಕೇಳಿದೆ.

"ನಮ್ಮಮ್ಮ ಮನೆ ತುಂಬ ಮಕ್ಳು ಹೆತ್ರು. ಆಗ ಫ್ಯಾನ್ ಇತ್ತೇನಮ್ಮ?"

"ನಿಮ್ ರೂಮಿನ ಲೈಟು ಯಾರೂ ಇಲ್ದಿದ್ರೂ ಉರೀತಿರುತ್ತಲ್ಲ ಸಾರ್."

"ನನ್ ರೂಮಿನ ವಿಚಾರ ನಿಂಗ್ಯಾಕೆ? ಹೋಗು, ಟೈಪ್ ಮಾಡು."

ಅದೇ ವಾರ ಆ ಹುಡುಗಿ, "ಅಕ್ಕಾ, ಕಣ್ ಕತ್ಲೆ ಬತ್ತಾ ಐತೆ" ಎನ್ನುತ್ತಲೇ ಟೈಪ್‌ರೈಟರಿನ ಮೇಲೆ ಕುಸಿದಳು. ನಾನು ಕೂಗಿಕೊಂಡೆ, ಮುಖಕ್ಕೆ ನೀರು ಹಾಕಿದೆ. ಸಾಹೇಬರು ಬಾಗಿಲಿಗೆ ಬಂದು ನಿಂತು ನೋಡಿ, "ರಜೆ ಬರ್ಕೊಟ್ಟು ಹೋಗ್ಲಿ" ಎಂದು ಹೊರಟುಹೋದರು. ಆ ಬೆನ್ನಿಗೆ ಪೇಪರ್‌ವೇಟ್ ಎಸೆಯುವಷ್ಟು ಸಿಟ್ಟು ಬಂದಿತ್ತು.

ಅವಳನ್ನು ಬಸ್ಸು ಹತ್ತಿಸಿ ಬಂದು, ಅದೇ ಸಿಟ್ಟಿನಲ್ಲಿ ಕೋಣೆಯನ್ನು ದಿಟ್ಟಿಸಿದೆ. ನಮಗೆ ಹಗಲಲ್ಲೂ ದೀಪ ಯಾಕೆ ಬೇಕಿತ್ತು? ಬಡಗಣ ಕಿಟಕಿಗಳಿಗೆ ಅಡ್ಡಲಾಗಿ ಫೈಲಿನ ರ‍್ಯಾಕುಗಳಿದ್ದವು. ಫ್ಯಾನು ಯಾಕೆ ಬೇಕಿತ್ತು? ಬೆಳಗಿನಿಂದ ಕಾದ ತಾರಸಿ ಮಧ್ಯಾಹ್ನ ನಮ್ಮ ನೆತ್ತಿಗೆ ಬಿಸಿ ಉಗುಳುತ್ತಿತ್ತು. ಪಡುವಣ ಗೋಡೆಯೂ ಅಷ್ಟೇ. ಬಿಸಿಯನ್ನು ಒಳಗೆ ಬಿಟ್ಟುಕೊಂಡು ಆಮೇಲೆ ಫ್ಯಾನಿಗಾಗಿ ಜಗಳವಾಡುವ ಬದಲು ಅದನ್ನು ಹೊರಗೇ ತಡೆಯಬಹುದಿತ್ತು. ಉಪ್ಪಾರಹಳ್ಳಿಯಲ್ಲಿ ನಮ್ಮ ಮನೆಯ ತಾರಸಿಗೆ ಪ್ರತಿ ಬೇಸಿಗೆ ಸುಣ್ಣ ಬಳಿಯುತ್ತಿದ್ದೆವು.

ಶನಿವಾರ ಸಾಹೇಬರು ಮಧ್ಯಾಹ್ನಕ್ಕೇ ತುಮಕೂರಿಗೆ ಹೊರಟರು. ನನ್ನ ಗಂಡ ಸುಣ್ಣ, ಅಂಟು, ಪೊರಕೆ ಹಿಡಿದು ಬಂದರು. ರ‍್ಯಾಕುಗಳನ್ನು ಎಳೆದು ಪಡುವಣ ಗೋಡೆಗೆ ಒತ್ತರಿಸಿದೆವು. ಬಿಸಿಲಿನ ಕಾವನ್ನು ಫೈಲುಗಳೇ ಕುಡಿಯಲಿ ಎಂದೆ. ಆಮೇಲೆ ತಾರಸಿ ಹತ್ತಿ ಸುಣ್ಣ ಬಳಿದೆವು.

"ಸಾಹೇಬ್ರ ಕಡೇನೂ ಬಳೀಲೇನೇ?" ಎಂದರು ಇವರು.

"ಒಂದು ಗೇಣೂ ಬೇಡ."

ಸೋಮವಾರ ಸಾಹೇಬರು ಸೂರು ಹಾರಿಹೋಗುವಂತೆ ಕೂಗಾಡಿದರು. "ಯಾರ್ನ ಕೇಳಿ ತಾರಸಿ ಹತ್ದೆ? ನಿಮ್ಮಪ್ಪನ ಮನೇನಾ ಇದು?" ಮೆಮೋ ಕೊಟ್ಟರು. ಆದರೆ ಆ ಮಧ್ಯಾಹ್ನ ಕಿಟಕಿಯ ಬೆಳಕಲ್ಲೇ ಮಾಸಿದ ಕಾರ್ಬನ್ ಪ್ರತಿಗಳನ್ನೂ ಓದಿಕೊಂಡೆ. ಗಾಳಿ ಆಡುತ್ತಿತ್ತು, ನೆತ್ತಿ ಸುಡಲಿಲ್ಲ. ಹುಡುಗಿ ಮರಳಿ ಬಂದವಳು, "ಅಕ್ಕಾ, ಏನ್ ಮಾಟ ಮಾಡ್ದೆ?" ಎಂದಳು. ಕೆಲವೇ ದಿನದಲ್ಲಿ ಸಾಹೇಬರೂ ಕಾಫಿ ಲೋಟ ಹಿಡಿದು ನಮ್ಮ ಕೋಣೆಗೆ ಬಂದು ನಿಲ್ಲತೊಡಗಿದರು.

ತಪಾಸಣೆಗೆ ತುಮಕೂರಿನಿಂದ ಹಿರಿಯ ಅಧಿಕಾರಿ ಬಂದರು. ನಮ್ಮ ಕೋಣೆ ತಂಪಾಗಿದೆ ಎಂದು ಮೆಚ್ಚಿಕೊಂಡರು.

"ಕರೆಂಟ್ ಉಳಿತಾಯಕ್ಕೆ ನಾನೇ ಮಾಡಿಸ್ದೆ ಸಾರ್" ಎಂದರು ಸಾಹೇಬರು.

ನಾನು ಎದ್ದು ನಿಂತೆ. "ಇಲ್ಲ ಸಾರ್. ನಾನೂ ನಮ್ ಯಜಮಾನ್ರೂ ಬಳ್ದಿದ್ದು. ಅದಕ್ಕೆ ಇವ್ರು ನಂಗೆ ಮೆಮೋ ಕೊಟ್ಟಿದಾರೆ."

ಹಿರಿಯರು ನಕ್ಕರು, ಎಳನೀರು ಕುಡಿದರು, ಜೀಪು ಹತ್ತಿದರು. ಅಷ್ಟೇ.

ಮುಂದಿನ ವಾರ ಆದೇಶವಾಯಿತು: ಟೈಪಿಸ್ಟುಗಳು ಕೆಳಗೆ ರೆಕಾರ್ಡ್ ರೂಮಿಗೆ, ನಮ್ಮ ಕೋಣೆ ಸಾಹೇಬರಿಗೆ. ರೆಕಾರ್ಡ್ ರೂಮಿಗೆ ಕಿಟಕಿಯೇ ಇಲ್ಲ. ಬೆಳಗ್ಗೆ ಹಾಕಿದ ಟ್ಯೂಬ್‌ಲೈಟನ್ನು ಸಂಜೆಯೇ ಆರಿಸಬೇಕು. ಕರೆಂಟು ಉಳಿಸಿದ ಚಂದ ಇದು. ಹುಡುಗಿ ಹೆರಿಗೆಗೆ ಹೋದವಳು ಕುಣಿಗಲ್ಲಿಗೇ ವರ್ಗ ಮಾಡಿಸಿಕೊಂಡಳು. ಹೆಣ್ಣುಮಗುವಂತೆ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರಂತೆ ಎಂದು ಕೇಳಿ ನೆಮ್ಮದಿಯಾಯಿತು.

ಮಳೆಗಾಲ ಸುಣ್ಣವನ್ನು ತೊಳೆದುಹಾಕಿತು. ಮರುಬೇಸಿಗೆಯಲ್ಲಿ ಸಾಹೇಬರು ತಾವೇ ಮೆಟ್ಟಿಲಿಳಿದು ರೆಕಾರ್ಡ್ ರೂಮಿಗೆ ಬಂದರು. "ನಿಮ್ ಯಜಮಾನ್ರಿಗೆ ಒಂದ್ಸಲ ಬಂದು ಹೋಗೋಕೆ ಹೇಳಮ್ಮ. ಆ ಸುಣ್ಣ…"

ನಾನು ತಲೆ ಎತ್ತಲಿಲ್ಲ. "ಅವ್ರಿಗೆ ಪುರುಸೊತ್ತಿಲ್ಲ ಸಾರ್."

ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತ ಮೇಲೆ ಹೋದರು. ಕೂಲಿಯವರನ್ನು ಕರೆಸಿ ಬಳಿಸಬಹುದಿತ್ತು, ಬಳಿಸಲಿಲ್ಲ. ತಮಗೆಂದು ಹಾಕಿಸಿಕೊಂಡಿದ್ದ ಫ್ಯಾನು ಕಾದ ತಾರಸಿಯ ಬಿಸಿಗಾಳಿಯನ್ನೇ ಬೀಸುತ್ತಿತ್ತು. ಆ ಬೇಸಿಗೆಯಿಡೀ ಅವರ ಕುರ್ಚಿ ಗಾಳಿ ಹುಡುಕಿಕೊಂಡು ಗೋಡೆಯಿಂದ ಗೋಡೆಗೆ ಸರಿಯುವ ಸದ್ದು ನನ್ನ ತಲೆಯ ಮೇಲೆ ಕೇಳುತ್ತಿತ್ತು. ಒಮ್ಮೆಯೂ ಅಯ್ಯೋ ಅನ್ನಿಸಲಿಲ್ಲ.